ಹಳೆಯ ಬಿಲ್ಲೆಗಳೂ ತಕ್ಕಡಿಯ ಸಾಕ್ಷಿಯೂ

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬುದು ಹಿರಿಯರ ಮಾತು. ಸಂತೆಯಲ್ಲಿ ಬದನೆಕಾಯಿ ಕೊಳ್ಳುವಾಗಲೂ ನಮ್ಮ ತಾಯಂದಿರು ಈ ಮಾತನ್ನು ಪಾಲಿಸುತ್ತಾರೆ. ಆದರೆ ಮನೆಯ ಮೂಲೆಯ ಡಬ್ಬಿಯಲ್ಲಿ ಬಿದ್ದಿರುವ ಹಳೆಯ ಬಿಲ್ಲೆಗಳ ವಿಷಯ ಬಂದಾಗ ಮಾತ್ರ ವಿದ್ಯಾವಂತರೆನಿಸಿಕೊಂಡ ನಾವೂ ಅದನ್ನು ಮರೆಯುತ್ತೇವೆ. ಆಗ ನಮ್ಮಲ್ಲಿ ಎರಡು ಪಕ್ಷಗಳು ಹುಟ್ಟಿಕೊಳ್ಳುತ್ತವೆ. ಒಂದು ಪಕ್ಷ, ‘ಇವು ಚಲಾವಣೆಯಿಲ್ಲದ ಕಸ, ಗುಜರಿಯವನಿಗೆ ಕಿಲೋ ಲೆಕ್ಕದಲ್ಲಿ ಹಾಕಿಬಿಡೋಣ’ ಎನ್ನುತ್ತದೆ. ಇನ್ನೊಂದು ಪಕ್ಷ, ಮೊಬೈಲಿನಲ್ಲಿ ಯಾರೋ ಹೇಳಿದ್ದನ್ನು ನಂಬಿ, ‘ಇದೊಂದೇ ಬಿಲ್ಲೆಗೆ ಲಕ್ಷ ರೂಪಾಯಿ ಬರುತ್ತದೆ’ ಎಂದು ಕನಸು ಕಾಣುತ್ತದೆ. ಈ ಎರಡು ಪಕ್ಷದವರೂ ಬಿಲ್ಲೆಯನ್ನು ತೂಗಿ ನೋಡಿದವರಲ್ಲ. ಹಳೆಯ ಬಿಲ್ಲೆಯನ್ನು ಮಾರುವ ಮೊದಲು, ನಂಬುವ ಮೊದಲು, ತೂಗಬೇಕು. ತೂಗಿದ ಮೇಲೂ ತೂಕವೊಂದನ್ನೇ ನಂಬಬಾರದು. ಇದು ನನ್ನ ಅಭಿಪ್ರಾಯ. ಇದನ್ನು ಸಮರ್ಥಿಸುವುದೇ ಈ ಲೇಖನದ ಉದ್ದೇಶ.

ಈ ಚಿಂತೆ ನನಗೆ ಹತ್ತಿದ್ದು ನಮ್ಮ ಹಾಸ್ಟೆಲಿನ ಕೋಣೆಯಲ್ಲಿ. ಅಲ್ಲಿ ನಾವು ನಾಲ್ವರಿದ್ದೇವೆ: ಒಬ್ಬರು ಚನ್ನಗಿರಿಯ ಅಡಿಕೆ ಸೀಮೆಯವರು, ಒಬ್ಬರು ಹೊನ್ನಾಳಿಯವರು, ಒಬ್ಬರು ನ್ಯಾಮತಿ ಕಡೆಯ ತಾಂಡಾದವರು, ನಾನು ಜಗಳೂರಿನ ಬಯಲಿನಿಂದ ಬಂದವನು. 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವವರೆಗೆ ಅವರ ಊರುಗಳೆಲ್ಲ ಶಿವಮೊಗ್ಗಕ್ಕೆ ಸೇರಿದ್ದವು, ನನ್ನ ಊರು ಚಿತ್ರದುರ್ಗಕ್ಕೆ. ಆದರೂ ಹಳೆಯ ಬಿಲ್ಲೆಯ ಡಬ್ಬಿ ನಾಲ್ಕು ಮನೆಗಳಲ್ಲೂ ಇತ್ತು. ದಸರಾ ರಜೆ ಮುಗಿಸಿ ಬರುವಾಗ ಪ್ರತಿಯೊಬ್ಬರೂ ಒಂದೊಂದು ಹಿಡಿ ಬಿಲ್ಲೆ ತಂದೆವು. ನಾಲ್ವರೂ ಸೇರಿ ಹಣ ಹಾಕಿ, ಗ್ರಾಂನ ನೂರನೆಯ ಒಂದು ಭಾಗವನ್ನು ತೋರಿಸುವ ಅಂಗೈಯಗಲದ ತಕ್ಕಡಿಯೊಂದನ್ನು ಕೊಂಡೆವು. ಅದರಿಂದ ಕಲಿತದ್ದನ್ನು ವಾಚಕರ ಮುಂದಿಡುತ್ತೇನೆ.

ಮೊದಲು ತಕ್ಕಡಿ ಸ್ಪಷ್ಟವಾಗಿ ಸಾಕ್ಷಿ ನುಡಿದ ಸಂದರ್ಭವನ್ನು ಹೇಳುವೆ. ಹೊನ್ನಾಳಿಯ ಮಿತ್ರರ ತಾತ ಸಣ್ಣ ಅಂಗಡಿಯಿಟ್ಟಿದ್ದವರು. ಆ ಅಂಗಡಿಯ ಗಲ್ಲದ ತಳದಲ್ಲಿ ಕಾಲಾಣೆಯ ಬಿಲ್ಲೆಗಳು ಉಳಿದಿದ್ದವು. ವಿಕ್ಟೋರಿಯಾ ರಾಣಿಯ ಮುಖವಿರುವುದನ್ನೂ ಐದನೆಯ ಜಾರ್ಜ್ ಮುಖವಿರುವುದನ್ನೂ ಒಂದರ ಮೇಲೊಂದು ಇಟ್ಟರೆ ಅಗಲ ಒಂದೇ, ಎರಡೂ ಕಪ್ಪಿಟ್ಟಿವೆ. ಕಣ್ಣಿಗೆ ಎರಡೂ ತಾಮ್ರವೇ. ತಕ್ಕಡಿಯ ಮೇಲೆ ಇಟ್ಟಾಗ ಮೊದಲನೆಯದು 6.4 ಗ್ರಾಂ, ಎರಡನೆಯದು 4.8 ಗ್ರಾಂ! ಸರ್ಕಾರ ನಿಗದಿ ಮಾಡಿದ್ದ ತೂಕವೂ ಹಾಗೆಯೇ ಇದೆ: ತಾಮ್ರದ ಕಾಲಾಣೆಗೆ 100 ಗ್ರೇನು, ಅಂದರೆ 6.48 ಗ್ರಾಂ, 1906ರ ಸುಮಾರಿಗೆ ಕಂಚಿಗೆ ಬದಲಾದ ಮೇಲೆ 75 ಗ್ರೇನು, ಅಂದರೆ 4.86 ಗ್ರಾಂ. ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ ಬಂದ ನಡುವೆ ತೂತಿರುವ ಪೈಸೆ ಇನ್ನೂ ಹಗುರ, ಸುಮಾರು 2 ಗ್ರಾಂ ಮಾತ್ರ. ಯುದ್ಧಕ್ಕೆ ಲೋಹ ಬೇಕಾಗಿತ್ತು. ಬಡವನ ಬಿಲ್ಲೆಯ ಹೊಟ್ಟೆಯನ್ನೇ ಕೊರೆದರು. ಚರಿತ್ರೆಯ ಪುಸ್ತಕದಲ್ಲಿ ನಾನು ಓದಿದ್ದ ಯುದ್ಧ ನನ್ನ ಅಂಗೈಯಲ್ಲಿ ಹಗುರವಾಗಿ ಕುಳಿತಿತ್ತು.

ಚನ್ನಗಿರಿಯ ಮಿತ್ರರು ತಂದ ಡಬ್ಬಿಯಲ್ಲಿ ಪೈಸೆಗಳದೇ ರಾಶಿ. ನಮ್ಮ ದೇಶದಲ್ಲಿ ದಶಮಾಂಶ ನಾಣ್ಯಪದ್ಧತಿ ಜಾರಿಗೆ ಬಂದದ್ದು 1957ನೆಯ ಇಸವಿ ಏಪ್ರಿಲ್ 1ರಂದು. ಆಗ ಬಂದ ಕಂಚಿನ ಒಂದು ನಯಾಪೈಸೆಯ ತೂಕ 1.5 ಗ್ರಾಂ. 1965ರಿಂದ ಬಂದ ಚೌಕಾಕಾರದ ಅಲ್ಯುಮಿನಿಯಂ ಪೈಸೆಯ ತೂಕ 0.75 ಗ್ರಾಂ, ಸರಿಯಾಗಿ ಅರ್ಧ. ಐದು ನಯಾಪೈಸೆಯೂ ಹಾಗೆಯೇ: ತಾಮ್ರ ನಿಕ್ಕಲ್‌ಗಳ ಮಿಶ್ರಲೋಹದ್ದು 4 ಗ್ರಾಂ, ಆಮೇಲೆ ಬಂದ ಅಲ್ಯುಮಿನಿಯಂ ಐದು ಪೈಸೆ 1.5 ಗ್ರಾಂ. ಎರಡು ಪೈಸೆ 3 ಗ್ರಾಂನಿಂದ 1 ಗ್ರಾಂಗೆ ಇಳಿಯಿತು. ಇಲ್ಲಿ ತಕ್ಕಡಿಯೂ ಬೇಡ, ಅಂಗೈಯೇ ಸಾಕು. ಆದರೆ ಆ ಡಬ್ಬಿಯನ್ನು ಕೇಳಿದ್ದ ಗುಜರಿಯವನು ಎಲ್ಲವನ್ನೂ ಅಲ್ಯುಮಿನಿಯಂ ದರಕ್ಕೆ ಕೇಳಿದ್ದನಂತೆ! ಬೇರ್ಪಡಿಸಿ ನೋಡಿದಾಗ ಡಬ್ಬಿಯ ತೂಕದಲ್ಲಿ ಹೆಚ್ಚಿನ ಪಾಲು ಕಂಚು ಮತ್ತು ತಾಮ್ರ ನಿಕ್ಕಲ್‌ಗಳದಾಗಿತ್ತು.

ಈ ಬದಲಾವಣೆ ಏಕೆ ನಡೆಯಿತೆಂಬುದನ್ನೂ ತೂಕದ ಲೆಕ್ಕವೇ ತಿಳಿಸುತ್ತದೆ. ಒಂದೂವರೆ ಗ್ರಾಂ ತೂಗುವ 667 ನಯಾಪೈಸೆ ಸೇರಿದರೆ ಒಂದು ಕಿಲೋ ಕಂಚು. ಅವುಗಳ ಮುಖಬೆಲೆ ಆರು ರೂಪಾಯಿ 67 ಪೈಸೆ. ಕಂಚಿನ ಬೆಲೆ ಅದಕ್ಕಿಂತ ಮೇಲೇರಿದರೆ ಬಿಲ್ಲೆ ಅಂಗಡಿಗೆ ಹೋಗುವ ಬದಲು ಕುಲುಮೆಗೆ ಹೋಗುತ್ತದೆ. ಅಲ್ಯುಮಿನಿಯಂ ಪೈಸೆಗಳಾದರೆ ಒಂದು ಕಿಲೋಗೆ 1,333 ಬೇಕು. ಸರ್ಕಾರ ಹಗುರ ಲೋಹಕ್ಕೆ ಇಳಿದುದರ ಗುಟ್ಟು ಇದು. ಬೆಲೆಯೇರಿಕೆಯ ಪಾಠವನ್ನು ಅರ್ಥಶಾಸ್ತ್ರದ ತರಗತಿಯಲ್ಲಿ ಎರಡು ವರ್ಷ ಕೇಳಿದೆ. ಅದು ಮನಸ್ಸಿಗೆ ಹತ್ತಿದ್ದು ಈ ಲೆಕ್ಕ ಹಾಕಿದ ಸಂಜೆಯಲ್ಲಿ.

ತೂಗುವಾಗ ಒಂದು ಎಚ್ಚರಿಕೆ. ಒಂದೇ ಬಿಲ್ಲೆಯನ್ನು ತೂಗಿ ತೀರ್ಪು ಕೊಡಬಾರದು. ಕೈಯಿಂದ ಕೈಗೆ ತಿರುಗಿ ಸವೆದದ್ದು ಕಡಿಮೆ ತೂಗುತ್ತದೆ, ಮಣ್ಣು ಹತ್ತಿದ್ದು ಹೆಚ್ಚು ತೂಗುತ್ತದೆ. ಒಂದೇ ಜಾತಿಯ ಹತ್ತು ಬಿಲ್ಲೆಗಳನ್ನು ಒಟ್ಟಿಗೆ ತೂಗಿ ಹತ್ತರಿಂದ ಭಾಗಿಸಿದರೆ ಸಣ್ಣ ತಪ್ಪುಗಳು ಒಂದನ್ನೊಂದು ನುಂಗುತ್ತವೆ. ಇನ್ನೊಂದು ಮಾತು: ತೂಕ ಬದಲಾದ ಮಾತ್ರಕ್ಕೆ ಲೋಹ ಬದಲಾಯಿತೆಂದೂ ತಿಳಿಯಬಾರದು. 1975ರಲ್ಲಿ ಬಂದ ತಾಮ್ರ ನಿಕ್ಕಲ್‌ನ ಒಂದು ರೂಪಾಯಿ 8 ಗ್ರಾಂ. 1980ರ ದಶಕದಲ್ಲಿ ಅದೇ ಲೋಹದ ರೂಪಾಯಿ 6 ಗ್ರಾಂಗೆ ಇಳಿಯಿತು.

ಇನ್ನು ತಕ್ಕಡಿ ಬಾಯಿ ಮುಚ್ಚಿಕೊಳ್ಳುವ ಸಂದರ್ಭಕ್ಕೆ ಬರೋಣ. ಇಪ್ಪತ್ತೈದು ಪೈಸೆಯನ್ನು ತೆಗೆದುಕೊಳ್ಳಿ. 1957ರಿಂದ ಬಂದದ್ದು ಶುದ್ಧ ನಿಕ್ಕಲ್. 1972ರಿಂದ ಬಂದದ್ದು ತಾಮ್ರ ನಿಕ್ಕಲ್ ಮಿಶ್ರಣ. ಎರಡರ ತೂಕವೂ 2.5 ಗ್ರಾಂ, ಅಗಲವೂ ಒಂದೇ, ಬಣ್ಣವೂ ಹೆಚ್ಚು ಕಡಿಮೆ ಒಂದೇ. ಇಲ್ಲಿ ಕಾಸಿನ ಬೆಲೆಯ ಅಯಸ್ಕಾಂತವೊಂದು ತಕ್ಕಡಿಗಿಂತ ದೊಡ್ಡ ಪಂಡಿತ. ನಿಕ್ಕಲ್ ಬಿಲ್ಲೆ ಅದಕ್ಕೆ ಅಂಟಿಕೊಳ್ಳುತ್ತದೆ, ಮಿಶ್ರಲೋಹದ ಬಿಲ್ಲೆ ಅಂಟುವುದಿಲ್ಲ. ಖಡ್ಗಮೃಗದ ಚಿತ್ರವಿರುವ ಸ್ಟೇನ್‌ಲೆಸ್ ಸ್ಟೀಲಿನ ಇಪ್ಪತ್ತೈದು ಪೈಸೆಯೂ ಅಂಟಿಕೊಳ್ಳುತ್ತದೆ, ಆದರೆ ಅದರ ತೂಕ ಸುಮಾರು 2.8 ಗ್ರಾಂ. ಹೀಗೆ ತೂಕ, ಅಯಸ್ಕಾಂತ ಎರಡೂ ಸೇರಿದಾಗ ಮೂರು ಲೋಹಗಳು ಬೇರೆ ಬೇರೆಯಾದವು. ಒಬ್ಬ ಸಾಕ್ಷಿ ಹೇಳಲಾರದ್ದನ್ನು ಇಬ್ಬರು ಸಾಕ್ಷಿಗಳು ಹೇಳಿದರು.

ಎಲ್ಲಕ್ಕಿಂತ ಕಠಿಣವಾದದ್ದು ಪಾವಲಿಯ ಪ್ರಶ್ನೆ. ಬ್ರಿಟಿಷರ ಕಾಲದ ರೂಪಾಯಿಯ ತೂಕ ಸರಿಯಾಗಿ ಒಂದು ತೊಲ, ಅಂದರೆ 11.66 ಗ್ರಾಂ. ನಾಲ್ಕಾಣೆಯ ಪಾವಲಿ ಅದರ ಕಾಲುಭಾಗ. ನಾಲ್ಕು ಪಾವಲಿ ಸೇರಿದರೆ ಒಂದು ತೊಲ. 1939ರವರೆಗೆ ಪಾವಲಿಯಲ್ಲಿ ನೂರಕ್ಕೆ ಸುಮಾರು 92 ಪಾಲು ಬೆಳ್ಳಿ ಇತ್ತು. 1940ರಲ್ಲಿ ಅದನ್ನು ನೂರಕ್ಕೆ 50ಕ್ಕೆ ಇಳಿಸಿ, ಉಳಿದುದಕ್ಕೆ ತಾಮ್ರ, ನಿಕ್ಕಲ್, ಸತುವುಗಳನ್ನು ಬೆರೆಸಿದರು. 1946ರಿಂದ ಬಂದ ಪಾವಲಿಯಲ್ಲಿ ಬೆಳ್ಳಿಯ ಹೆಸರೇ ಇಲ್ಲ, ಅದು ನಿಕ್ಕಲ್. ಲೋಹ ಎರಡು ಸಲ ಬದಲಾದರೂ ತೂಕ ಬದಲಾಗಲಿಲ್ಲ! ತೊಲ ತೂಗಿ ಬೆಳ್ಳಿ ಎಂದು ನಂಬಿದವರ ಗತಿ ಏನು?

ಇದಕ್ಕೂ ಉಪಾಯವಿದೆ, ಅದು ಎರಡು ಸಾವಿರ ವರ್ಷಕ್ಕೂ ಹಳೆಯದು. ಗ್ರೀಕ್ ಪಂಡಿತ ಆರ್ಕಿಮಿಡೀಸನ ಹೆಸರಿನಲ್ಲಿ ಹೈಸ್ಕೂಲಿನಲ್ಲಿ ನಾವೆಲ್ಲ ಅದನ್ನು ಕಂಠಪಾಠ ಮಾಡಿದ್ದೇವೆ, ಪರೀಕ್ಷೆಯಲ್ಲಿ ಬರೆದು ಮರೆತಿದ್ದೇವೆ. ಬಿಲ್ಲೆಗಳನ್ನು ಮೊದಲು ಹಾಗೆಯೇ ತೂಗಬೇಕು. ಆಮೇಲೆ ತಕ್ಕಡಿಯ ತಟ್ಟೆಯ ಮೇಲೆ ನೀರಿನ ಲೋಟವಿಟ್ಟು ಅಂಕಿಯನ್ನು ಸೊನ್ನೆಗೆ ತರಬೇಕು. ಬಿಲ್ಲೆಗಳನ್ನು ತೆಳ್ಳನೆಯ ದಾರಕ್ಕೆ ಕಟ್ಟಿ, ಲೋಟದ ತಳಕ್ಕೂ ಬದಿಗೂ ತಾಗದಂತೆ, ಗಾಳಿಗುಳ್ಳೆ ಉಳಿಯದಂತೆ, ನೀರಿನಲ್ಲಿ ಪೂರ್ತಿ ಮುಳುಗಿಸಿ ಹಿಡಿಯಬೇಕು. ಆಗ ತಕ್ಕಡಿ ತೋರಿಸುವ ಅಂಕಿಯೇ ಬಿಲ್ಲೆಗಳು ಪಕ್ಕಕ್ಕೆ ಸರಿಸಿದ ನೀರಿನ ತೂಕ. ಮೊದಲಿನ ತೂಕವನ್ನು ಈ ಅಂಕಿಯಿಂದ ಭಾಗಿಸಿದರೆ ಸಾಂದ್ರತೆ ಸಿಗುತ್ತದೆ. ಹಳೆಯ ಬೆಳ್ಳಿಯ ಪಾವಲಿಗೆ ಅದು ಸುಮಾರು 10.3, ಅರೆಬೆಳ್ಳಿಯದಕ್ಕೆ 9.5, ನಿಕ್ಕಲ್‌ಗೆ 8.9. ಬೇರೆ ಮಾತಿನಲ್ಲಿ, ನಾಲ್ಕು ಪಾವಲಿಗಳ ಒಂದು ತೊಲ ಬೆಳ್ಳಿಯದಾದರೆ ನೀರಿನಲ್ಲಿ 1.13 ಗ್ರಾಂ, ಅರೆಬೆಳ್ಳಿಯದಾದರೆ 1.23 ಗ್ರಾಂ, ನಿಕ್ಕಲ್‌ನದಾದರೆ 1.31 ಗ್ರಾಂ ತೋರಿಸಬೇಕು. ಬಿಲ್ಲೆ ಸವೆದಿದ್ದರೂ, ತೂತು ಕೊರೆದಿದ್ದರೂ ಸಾಂದ್ರತೆ ಕೆಡುವುದಿಲ್ಲ. ಈ ವಿಧಾನದ ಹಿರಿಮೆ ಅದು.

ನ್ಯಾಮತಿಯ ಮಿತ್ರರ ಮನೆಯ ಬಿಲ್ಲೆಗಳನ್ನು ಮಾತ್ರ ನಾವು ಹೀಗೆ ಪರೀಕ್ಷಿಸಲಾಗಲಿಲ್ಲ. ಸಂತ ಸೇವಾಲಾಲರ ಜನ್ಮಸ್ಥಳವೆಂದು ಪ್ರಸಿದ್ಧವಾದ ಸೂರಗೊಂಡನಕೊಪ್ಪ ಆ ತಾಲ್ಲೂಕಿನಲ್ಲಿಯೇ ಇದೆ. ಲಂಬಾಣಿ ಹೆಂಗಸರ ಉಡುಪಿನಲ್ಲಿ ಕನ್ನಡಿಚೂರು, ಕವಡೆಗಳ ಜೊತೆಗೆ ಹಳೆಯ ಬಿಲ್ಲೆಗಳನ್ನೂ ಹೊಲಿದಿರುವುದನ್ನು ನೀವೆಲ್ಲ ನೋಡಿದ್ದೀರಿ. ಅವುಗಳಿಗೆ ಕುಣಿಕೆ ಬೆಸೆದಿರುತ್ತಾರೆ. ಬೆಸುಗೆಯ ಲೋಹ ಸೇರಿದರೆ ತೂಕವೂ ಸಾಂದ್ರತೆಯೂ ಸುಳ್ಳಾಗುತ್ತವೆ. ಮಿತ್ರರ ಅಜ್ಜಿ ಬಿಚ್ಚಿಕೊಡಲು ಒಪ್ಪಲಿಲ್ಲವಂತೆ. ಅವರು ಮಾಡಿದ್ದೇ ಸರಿ. ಬಟ್ಟೆಯ ಮೇಲೆಯೇ ಅಯಸ್ಕಾಂತ ಹಿಡಿದು ನೋಡಿದಾಗ ಕೆಲವು ಅಂಟಿದವು, ಕೆಲವು ಅಂಟಲಿಲ್ಲ. ಅಷ್ಟು ತಿಳಿದರೆ ಸಾಕಾಯಿತು. ಒಬ್ಬ ತಾಯಿ ತನ್ನ ಮಗಳಿಗೆ ಹೊಲಿದುಕೊಟ್ಟ ಬಿಲ್ಲೆಯ ಬೆಲೆಯನ್ನು ಲೋಹದ ದರದಲ್ಲಿ ಕೇಳುವುದೇ ಅವಿವೇಕ.

ಈಗ ನನ್ನ ಮನೆಯ ಮಾತು. ನಮ್ಮ ಅಜ್ಜಿಗೆ ಅವರ ತಾಯಿಯಿಂದ ಬಂದ ಹದಿನಾರು ಪಾವಲಿಗಳ ಸರವೊಂದಿತ್ತು, ತೂತು ಕೊರೆದು ಪೋಣಿಸಿದ್ದು. ಅಪ್ಪ ಇನ್ನೂ ಹುಡುಗನಾಗಿದ್ದಾಗ ನಮ್ಮ ಸೀಮೆಗೆ ಬರ ಬಂದು, ಬಿತ್ತಿದ ಜೋಳ ಕೈಗೆ ಬಾರದೆ ಹೋದ ವರ್ಷ, ಅಜ್ಜಿ ಹನ್ನೆರಡು ಪಾವಲಿಗಳನ್ನು ಮಾರಿದರು. ಕೊಂಡ ವ್ಯಾಪಾರಿ ಅವನ್ನು ತೂಗಿ ನೋಡಿ, ‘ಇದು ಬೆಳ್ಳಿಯಲ್ಲ, ನಿಕ್ಕಲ್’ ಎಂದು ಹೇಳಿ, ಅದಕ್ಕೆ ತಕ್ಕ ಬೆಲೆ ಕೊಟ್ಟನಂತೆ. ‘ಅವನು ಬೆಳ್ಳಿ ಅಲ್ಲ ಅಂದ, ನಾನು ಏನನ್ನಲಿ ಮಗಾ? ಮನೇಲಿ ಮಕ್ಕಳು ಹಸಿದಿದ್ವು’ ಎಂದು ಅಜ್ಜಿ ಇಂದಿಗೂ ಹೇಳುತ್ತಾರೆ. ಅವು ಅಪ್ಪಟ ಬೆಳ್ಳಿ, ವ್ಯಾಪಾರಿ ಮೋಸ ಮಾಡಿದ ಎಂಬುದು ನಮ್ಮ ಮನೆಯಲ್ಲಿ ನಲವತ್ತು ವರ್ಷಗಳ ನಂಬಿಕೆ. ಉಳಿದ ನಾಲ್ಕು ಪಾವಲಿಗಳನ್ನು ಈ ದಸರೆಯಲ್ಲಿ ಅಜ್ಜಿ ನನ್ನ ಕೈಗೆ ಕೊಟ್ಟರು.

ನಾಲ್ಕನ್ನೂ ಒಟ್ಟಿಗೆ ತೂಗಿದೆ: 11.40 ಗ್ರಾಂ. ಸವೆತಕ್ಕೂ ತೂತಿಗೂ ಹೋದದ್ದು ಹೋಗಿ ಉಳಿದದ್ದು ಅಷ್ಟು. ನೀರಿನಲ್ಲಿ ಇಳಿಬಿಟ್ಟೆ: 1.20 ಗ್ರಾಂ. ಭಾಗಿಸಿದರೆ 9.5! ಮೂರು ಸಲ ತೂಗಿದರೂ ಉತ್ತರ ಬದಲಾಗಲಿಲ್ಲ. ಅಯಸ್ಕಾಂತಕ್ಕೆ ಒಂದೂ ಅಂಟಲಿಲ್ಲ. ಅಪ್ಪಟ ಬೆಳ್ಳಿ ಎಂದ ನಮ್ಮ ಮನೆಯವರ ಮಾತು ಸುಳ್ಳು. ನಿಕ್ಕಲ್ ಎಂದ ವ್ಯಾಪಾರಿಯ ಮಾತೂ ಈ ನಾಲ್ಕರ ಮಟ್ಟಿಗೆ ಸುಳ್ಳು. ಅವು ಅರೆಬೆಳ್ಳಿ. ಆಮೇಲೆ ಭೂತಗನ್ನಡಿ ಹಿಡಿದು ನೋಡಿದಾಗ ಒಂದರ ಮೇಲೆ 1944 ಎಂಬ ಇಸವಿ ಕಾಣಿಸಿತು. ಎಲ್ಲ ಸಾಕ್ಷಿಗಳೂ ಒಂದೇ ಮಾತು ನುಡಿದವು.

ಮಾರಿದ ಹನ್ನೆರಡೂ ಹೀಗೆಯೇ ಇದ್ದವೇ? ಉಳಿದ ನಾಲ್ಕು ಹೋದ ಹನ್ನೆರಡಕ್ಕೆ ಜಾಮೀನಾಗಲಾರವು. ಆದರೆ 1946ರ ನಂತರದ ಆ ನಿಕ್ಕಲ್ ಪಾವಲಿಗಳಲ್ಲಿ ಅರಸನ ತಲೆಯ ಹಿಂಬದಿಗೆ ಹುಲಿಯ ಚಿತ್ರವಿತ್ತೆಂದು ಓದಿದ್ದ ನಾನು ಅಜ್ಜಿಗೆ ಫೋನು ಮಾಡಿ ಕೇಳಿದೆ. ಅಜ್ಜಿ ನಕ್ಕರು: ‘ಹುಲಿ ಇದ್ದಿದ್ರೆ ನೆನಪಿರ್ತಿರ್ಲಿಲ್ವೇನೋ? ರಾಜನ ತಲೆ, ಹಿಂದೆ ಬಳ್ಳಿ, ಅಷ್ಟೆ.’ ಹಾಗಾದರೆ ಮೂರು ತೊಲದ ಆ ಹನ್ನೆರಡು ಪಾವಲಿಗಳಲ್ಲಿ ಒಂದೂವರೆ ತೊಲದಷ್ಟು ಬೆಳ್ಳಿ ನಿಕ್ಕಲ್ಲಿನ ದರಕ್ಕೆ ಹೋಗಿರಬೇಕು. ವ್ಯಾಪಾರಿ ತಿಳಿದು ಹೇಳಿದನೋ ತಿಳಿಯದೆ ಹೇಳಿದನೋ ನಾನು ತೀರ್ಮಾನಿಸಲಾರೆ. ತೀರ್ಮಾನಿಸಬಲ್ಲದ್ದು ಇಷ್ಟೆ: ಅಂದು ನಮ್ಮ ಮನೆಯಲ್ಲಿ ಆ ಇಸವಿಯನ್ನು ಓದಬಲ್ಲವರು ಒಬ್ಬರೂ ಇರಲಿಲ್ಲ. ‘ಹುಲಿಯಿಲ್ಲದಿದ್ದರೆ ಇದು ಹೇಗೆ ನಿಕ್ಕಲ್?’ ಎಂದು ಕೇಳಲು ಅಕ್ಷರವೂ ಬೇಕಿರಲಿಲ್ಲ, ತಿಳಿದವರು ಒಬ್ಬರು ಹೇಳಿಕೊಟ್ಟಿದ್ದರೆ ಸಾಕಾಗಿತ್ತು. ಹೇಳಿಕೊಡುವವರು ಇರಲಿಲ್ಲ.

ಇಲ್ಲಿ ಕೆಲವು ಮಿತ್ರರ ಆಕ್ಷೇಪಣೆಗಳಿಗೆ ಉತ್ತರ ಹೇಳಬೇಕು. ‘ಇಸವಿ ಓದಿದರೆ ಲೋಹ ತಿಳಿಯುತ್ತದೆ, ತೂಗುವ ಶ್ರಮವೇಕೆ?’ ಎನ್ನುತ್ತಾರೆ. ನಿಜ, ಓದಬಹುದಾದಾಗ ಮೊದಲು ಓದಬೇಕು. ಆದರೆ ಸವೆದ ಬಿಲ್ಲೆ ಇಸವಿ ಹೇಳುವುದಿಲ್ಲ, ಖೋಟಾ ಬಿಲ್ಲೆ ಸುಳ್ಳು ಇಸವಿ ಹೇಳುತ್ತದೆ. ‘ಇದು ವಿಜ್ಞಾನದ ವಿದ್ಯಾರ್ಥಿಗಳ ಕೆಲಸ, ಕಲಾ ವಿಭಾಗದವರಿಗೇಕೆ?’ ಎನ್ನುವವರಿಗೆ ನನ್ನ ಮರುಪ್ರಶ್ನೆ: ಬಿಲ್ಲೆ ಚರಿತ್ರೆಯೇ, ಅರ್ಥಶಾಸ್ತ್ರವೇ, ಭೌತಶಾಸ್ತ್ರವೇ? ನನ್ನ ಅಜ್ಜಿಯ ಪಾವಲಿಗೆ ಈ ವಿಭಾಗಗಳು ಗೊತ್ತಿರಲಿಲ್ಲ. ‘ಲೋಹ ತಿಳಿದರೆ ಬೆಲೆ ತಿಳಿಯಿತೇ?’ ಎಂಬುದು ಮೂರನೆಯ ಆಕ್ಷೇಪಣೆ. ಪೂರ್ತಿ ತಿಳಿಯುವುದಿಲ್ಲ, ಸಂಗ್ರಾಹಕರು ಅಪರೂಪಕ್ಕೂ ಸ್ಥಿತಿಗೂ ಬೆಲೆ ಕೊಡುತ್ತಾರೆ. ಅದಕ್ಕಾಗಿಯೇ ಹಳೆಯ ಬಿಲ್ಲೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಬಾರದು. ಆದರೆ ಲೋಹದ ಬೆಲೆ ತಿಳಿದವನನ್ನು ಅದಕ್ಕಿಂತ ಕೆಳಗೆ ಯಾರೂ ಇಳಿಸಲಾರರು.

ಲಕ್ಷದ ಕನಸಿನವರಿಗೂ ಒಂದು ಮಾತು. ಇಪ್ಪತ್ತೈದು ಪೈಸೆ ಮತ್ತು ಅದಕ್ಕಿಂತ ಕೆಳಗಿನ ನಾಣ್ಯಗಳು 2011ನೆಯ ಇಸವಿ ಜೂನ್ 30ರಿಂದ ಚಲಾವಣೆಯಲ್ಲಿಲ್ಲ. ಐವತ್ತು ಪೈಸೆಗೆ ಇನ್ನೂ ಕಾನೂನಿನ ಮಾನ್ಯತೆಯಿದೆ. ತನ್ನ ಹೆಸರನ್ನೂ ಚಿಹ್ನೆಯನ್ನೂ ಬಳಸಿ, ಹಳೆಯ ನೋಟು ನಾಣ್ಯಗಳ ವ್ಯವಹಾರಕ್ಕೆಂದು ಶುಲ್ಕ, ಕಮಿಷನ್, ತೆರಿಗೆ ಕೇಳುವ ವಂಚಕರಿದ್ದಾರೆಂದು ರಿಸರ್ವ್ ಬ್ಯಾಂಕು 2021ರ ಆಗಸ್ಟಿನಲ್ಲಿ ಸಾರ್ವಜನಿಕರನ್ನು ಎಚ್ಚರಿಸಿದೆ. ತಾನು ಇಂಥ ವ್ಯವಹಾರ ಮಾಡುವುದಿಲ್ಲವೆಂದೂ ಹೇಳಿದೆ. ಲಕ್ಷ ಕೊಡುವವನು ಮೊದಲು ನಮ್ಮಿಂದ ಸಾವಿರ ಕೇಳಿದರೆ, ಅಲ್ಲಿಯೇ ಲೆಕ್ಕ ಮುಗಿಯಬೇಕು.

ಆದ್ದರಿಂದ ಅಧ್ಯಾಪಕವರ್ಗಕ್ಕೂ ವಿದ್ಯಾರ್ಥಿಮಿತ್ರರಿಗೂ ನನ್ನದೊಂದು ವಿನಂತಿ. ನಮ್ಮ ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರದಲ್ಲಿ ಚರಂಡಿ ಶುದ್ಧಿ, ಗಿಡ ನೆಡುವಿಕೆಗಳ ಜೊತೆಗೆ ಒಂದು ಮಧ್ಯಾಹ್ನವನ್ನು ಹಳೆಯ ಬಿಲ್ಲೆಗಳಿಗೆ ಮೀಸಲಿಡೋಣ. ಒಂದು ತಕ್ಕಡಿ, ಒಂದು ಅಯಸ್ಕಾಂತ, ಒಂದು ಲೋಟ ನೀರು, ಒಂದು ದಾರ, ಒಂದು ಭೂತಗನ್ನಡಿ: ಇಷ್ಟೇ ಪ್ರಯೋಗಶಾಲೆ. ಊರಿನವರು ಡಬ್ಬಿ ತರಲಿ. ನಾವು ತೂಗಿ, ಲೋಹವನ್ನು ಹೇಳಿ, ಡಬ್ಬಿಯನ್ನು ಅವರ ಕಣ್ಣೆದುರಿನಲ್ಲೇ ಅವರ ಕೈಗೆ ಹಿಂದಿರುಗಿಸೋಣ. ಕೊಳ್ಳುವುದೂ ಬೇಡ, ಮಾರಿಸುವುದೂ ಬೇಡ. ಯಾವ ಊರಿನ ಯಾವ ಡಬ್ಬಿಯಲ್ಲಿ ಏನು ಸಿಕ್ಕಿತೆಂದು ಮನೆಯವರ ಹೆಸರಿಲ್ಲದೆ ಬರೆದಿಟ್ಟರೆ, ಅದು ನಮ್ಮ ಸೀಮೆಯ ಚರಿತ್ರೆಗೂ ಸಣ್ಣದೊಂದು ಆಧಾರವಾದೀತು.

ನಮ್ಮ ವಂಶದಲ್ಲಿ ಪದವಿಯ ಹೊಸ್ತಿಲಿಗೆ ಬಂದವನು ನಾನೇ ಮೊದಲಿಗ. ಪದವಿಯಿಂದ ಉದ್ಯೋಗ ಸಿಕ್ಕೀತೋ ಇಲ್ಲವೋ ನಾನರಿಯೆ. ಆದರೆ ‘ಇದು ಬೆಳ್ಳಿಯಲ್ಲ’ ಎಂದು ಒಬ್ಬರು ಹೇಳಿದಾಗ, ‘ತಾಳಿ, ನೋಡೋಣ’ ಎಂದು ಹೇಳುವ ಧೈರ್ಯವಾದರೂ ಅದರಿಂದ ಬರಬೇಕು. ಫಲಿತಾಂಶವನ್ನು ತಿಳಿಸಿದಾಗ ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅರ್ಧ ಬೆಳ್ಳೀನಾ? ಹಂಗಾದ್ರೆ ನಮ್ಮವ್ವನೂ ಪೂರ್ತಿ ತಿಳಿದಿರ್ಲಿಲ್ಲ ಬಿಡು’ ಎಂದರು. ನಾಲ್ಕು ಪಾವಲಿಗಳನ್ನು ಅವರಿಗೆ ಹಿಂದಿರುಗಿಸಿದ್ದೇನೆ. ಅವು ಮಾರಾಟಕ್ಕಿಲ್ಲ.